ಕಾಮಾಕ್ಷಮ್ಮ ಹಿಡಿದ ಒಪ್ಪತ್ತು

ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಅರಕಲಗೂಡು ಸುತ್ತಿನ ಮೂವತ್ತೆಂಟು ಶಾಲೆಗಳಿಗೆ ಯಶಸ್ವಿನಿ ಮೇಡಂ ಅಂತ ಇರುವವಳು ನಾನೊಬ್ಬಳೇ. ಒಂದೊಂದು ಶಾಲೆಗೆ ತಿಂಗಳಿಗೊಂದು ಸಲ, ಅದೂ ಬಸ್ಸು ಮುಂದಿನೂರು ಮುಟ್ಟಿ ತಿರುಗಿ ಬರುವಷ್ಟು ಹೊತ್ತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ಒಂದನೇ ಕ್ಲಾಸಿನ ಮೇಘಶ್ರೀಗೆ ಕಿವಿ ಚೆನ್ನಾಗಿತ್ತು, ಮಾತಿರಲಿಲ್ಲ. ಅಪ್ಪ ಅಮ್ಮ ಹೊಗೆಸೊಪ್ಪಿನ ಕೆಲಸದಲ್ಲಿದ್ದರು. ಅವಳನ್ನು ಕರೆತರುತ್ತಿದ್ದುದು ಅಜ್ಜಿ ಕಾಮಾಕ್ಷಮ್ಮ. ಮಗು ಕಣ್ಣು ಹಾಯಿಸಿದ್ದನ್ನೆಲ್ಲ ಅಜ್ಜಿ ಕೈಗೆ ಕೊಟ್ಟುಬಿಡುತ್ತಿದ್ದರು.

ಹೋದ ತಿಂಗಳು ಮುಷ್ಟಿಯಲ್ಲಿ ಕಡ್ಲೆಪುರಿ ಹಿಡಿದು ಕಾದೆ. ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟರಲ್ಲಿ ಮೇಘಶ್ರೀ ತುಟಿ ಸೇರಿಸಿ ‘ಪು’ ಎಂದಳು. ಕಾಮಾಕ್ಷಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. “ಬಾಯಿಬಿಟ್ಟು ಕೇಳೋವರೆಗೂ ಕಾಯಿರಿ ಅಮ್ಮ, ಆಮೇಲೆ ಕೊಡಿ” ಎಂದು ಓಡಿದೆ. ಐದು ಎಣಿಸುವಷ್ಟೇ ಕಾಯಬೇಕು, ಕೇಳದಿದ್ದರೂ ಕೊಟ್ಟುಬಿಡಬೇಕು ಎಂಬುದನ್ನು ಹೇಳಲಿಲ್ಲ. ಆ ಹಾಳು ಬಸ್ಸು ಬಿಟ್ಟುಹೋಗಿದ್ದರೆ ಏನಾಗುತ್ತಿತ್ತು?

ಇವತ್ತು ಹೋದಾಗ ಮಗುವಿನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಪುರಿ ತೋರಿಸಿದರೆ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿದಳು. ಆ ‘ಪು’ ಕೂಡ ಇಲ್ಲ.

“ಏನಾಯ್ತಮ್ಮ?” ಎಂದು ಅಜ್ಜಿಯನ್ನು ಕೇಳಿದೆ.

“ನೀವ್ ಯೋಳ್ದಂಗೇ ಮಾಡಿವ್ನಿ ಮೇಡಂ. ಬಾಯ್ಬುಟ್ಟು ಕೇಳ್ಲಿ ಅಂತ ಮೊದ್ಲು ಸ್ವಾಮಾರ ಸ್ವಾಮಾರ ಒಪ್ಪತ್ತು ಇಡುಸ್ದೆ. ಬಾಯ್ಬುಡ್ನಿಲ್ಲ. ಆಮ್ಯಾಕೆ ದಿನಾಲೂ. ಇಸ್ಕೂಲ್ ಊಟಕ್ಕೂ ಬುಡ್ನಿಲ್ಲ, ಮನೆಗೆ ಕರ್ಕೊಂಡೋಯ್ತಿದ್ದೆ. ದೀಪ ಅಚ್ಚಿದ್ ಮ್ಯಾಲೇ ಒಂದೊತ್ತು ಉಣ್ಣೋದು.”

“ಅಯ್ಯೋ, ಮಗೂನ ಉಪವಾಸ ಕೆಡವಿದ್ರಾ?”

“ಅದೊಂದ್ನೇ ಕೆಡುವ್ತೀನಾ? ನಾನೂ ಉಣ್ನಿಲ್ಲ ಕಣವ್ವ. ಇಬ್ರೂ ಇಡುದ್ರೆ ದ್ಯಾವ್ರು ಬ್ಯಾಗ ಕಣ್ಬುಡ್ತಾನೆ ಅಂತ.”

ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ? ಅಜ್ಜಿಯ ಕಣ್ಣೂ ಗುಳಿಬಿದ್ದಿತ್ತು. ತಪ್ಪು ನನ್ನದು, ನಾನು ಅರ್ಧಕ್ಕೆ ನುಂಗಿದ ಮಾತಿನದು. ಪೊಟ್ಟಣದ ಪುರಿಯನ್ನೆಲ್ಲ ಮಗುವಿನ ಮಡಿಲಿಗೆ ಸುರಿದೆ.

“ತಿನ್ನು ಕಂದ. ಕೇಳೋದು ಬೇಡ, ಸುಮ್ನೆ ತಿನ್ನು.”

ಹೊರಗೆ ಹಾರ್ನ್ ಕೇಳಿತು. ನಾನು ಏಳಲಿಲ್ಲ. ಬಸ್ಸು ಹೋಯಿತು.

ಮೇಘಶ್ರೀ ಒಂದು ಹಿಡಿ ಪುರಿ ತೆಗೆದುಕೊಂಡಳು. ತಿನ್ನಲಿಲ್ಲ, ನನ್ನ ಬಾಯಿಯ ಹತ್ತಿರ ತಂದಳು. ಬಾಯಿ ತೆರೆದೆ. ತಟ್ಟನೆ ಕೈ ಹಿಂದಕ್ಕೆಳೆದು, ಮುಷ್ಟಿ ಬಿಗಿಮಾಡಿ, ನನ್ನ ತುಟಿಯನ್ನೇ ನೋಡುತ್ತ ಕಾದಳು. ನಾನು ಅಂಗೈ ಚಾಚಿದೆ.

“ಬಾಯ್ಬುಟ್ಟು ಕೇಳಿ ಮೇಡಂ,” ಎಂದರು ಕಾಮಾಕ್ಷಮ್ಮ. “ಕೇಳ್ದಿದ್ರೆ ಅವ್ಳು ಕೊಡಾಕಿಲ್ಲ.”