ಡಿಸ್ಕು ಅಣ್ಣನಿಗೆ, ಡಬ್ಬ ತಮ್ಮನಿಗೆ

ಗುಬ್ಬಿಯ ಫೋಟೋ ಸ್ಟುಡಿಯೋವನ್ನು ಅಣ್ಣತಮ್ಮಂದಿರಿಗೆ ಭಾಗ ಮಾಡಿಕೊಟ್ಟವರು ಸೋದರಮಾವ ಮೂಡಲಗಿರಿಯಪ್ಪ. ಭಾಗವೆಂದರೆ ಎರಡು ಸಮ ಪಾಲು, ಅದರಲ್ಲಿ ಅವರದು ರಾಜಿಯಿಲ್ಲ. ಕ್ಯಾಮೆರಾ ಎರಡಿದ್ದವು, ಆಯಿತು. ಲೈಟು ನಾಲ್ಕಿದ್ದವು, ಅದೂ ಆಯಿತು. ಹಾರ್ಡ್ ಡಿಸ್ಕ್ ಮಾತ್ರ ಒಂದೇ ಇತ್ತು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ಕ್ರೂಡ್ರೈವರ್ ತರಿಸಿ, ಹೊರಗಿನ ಕಪ್ಪು ಡಬ್ಬ ಬಿಚ್ಚಿ, ಒಳಗಿನ ಡಿಸ್ಕನ್ನು ಹೊರಗೆಳೆದರು.

"ಡಿಸ್ಕು ದೊಡ್ಡೋನ್ಗೆ, ಡಬ್ಬ ಚಿಕ್ಕೋನ್ಗೆ. ಇನ್ ಯಾರೂ ತಕರಾರು ತೆಗೀಬಾರ್ದು" ಎಂದರು.

ಜಗಳ ಹುಟ್ಟಿದ್ದೇ ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬ ವಿಷಯಕ್ಕೆ. ಅಂಥವರಿಗೆ ಖಾಲಿ ಡಬ್ಬವೂ ಆಸ್ತಿಯೇ. ತಮ್ಮ ಮೋಹನ್‌ಕುಮಾರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಕುಣಿಗಲ್ಲಿನಲ್ಲಿ ಅಂಗಡಿ ತೆರೆದ. ಎಂಟು ತಿಂಗಳಾಯಿತು, ಮಾತಿಲ್ಲ.

ಅಣ್ಣ ಶಿವಮೂರ್ತಿ ಡಿಸ್ಕನ್ನು ಬೀರುವಿನಿಂದ ತೆಗೆದದ್ದು ಅಮ್ಮನ ವರ್ಷದ ತಿಥಿ ಹತ್ತಿರ ಬಂದಾಗ. ಮೂರು ತಾಲ್ಲೂಕಿನ ಮದುಮಕ್ಕಳ ಮುಖವನ್ನೆಲ್ಲ ಹಿಡಿದಿದ್ದ ಈ ಇಬ್ಬರ ಹತ್ತಿರ ಹೆತ್ತಮ್ಮ ಪುಟ್ಟತಾಯಮ್ಮನದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಆಕೆಯ ಸೆರಗು ಮುಖಕ್ಕೆ ಬರುತ್ತಿತ್ತು. "ಬುಡ್ಲಾ, ಬ್ಯಾಟ್ರಿ ಯಾಕ್ ದಂಡ ಮಾಡ್ತೀಯ!" ಹನ್ನೊಂದನೇ ದಿನದ ಕಾರ್ಯಕ್ಕೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿ ಹಾರ ಹಾಕಿದ್ದರು. ಬಂದ ನೆಂಟರು ಇದು ಯಾರ ಫೋಟೋ ಎಂದು ಕೇಳಿದ್ದರು. ಆ ನಾಚಿಕೆ ಶಿವಮೂರ್ತಿಯನ್ನು ಇನ್ನೂ ಬಿಟ್ಟಿರಲಿಲ್ಲ. ಗೂಳೂರಿನ ಒಂದು ಮದುವೆಯಲ್ಲಿ ಲೈಟು ಹಿಡಿಯುವ ಕದರಯ್ಯ ಬೆಳಕು ನೋಡಲೆಂದು ಅಮ್ಮನದೊಂದು ಕ್ಲಿಕ್ಕಿಸಿದ್ದು ಅವನಿಗೆ ನೆನಪಿತ್ತು. ಅದಿದ್ದದ್ದು ಈ ಡಿಸ್ಕಿನಲ್ಲಿ.

ಹೊಸ ಡಬ್ಬ ಕೊಂಡು ತಂದು ಹಾಕಿದ. ನಾಲ್ಕು ಟಿಬಿಯ ಡಿಸ್ಕು ೪೬೫ ಜಿಬಿ ಎಂದು ತೋರಿಸಿ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ವಿನಯದಿಂದ ಕೇಳಿತು. ಕೇಬಲ್ ಬದಲಿಸಿದ. ಬೇರೆ ಕಂಪ್ಯೂಟರಿಗೆ ಚುಚ್ಚಿದ. ಕೊನೆಗೆ ಬಾಯಿಂದ ಊದಿಯೂ ನೋಡಿದ. ಡಿಸ್ಕು ೪೬೫ಕ್ಕೇ ಅಂಟಿಕೊಂಡು ಕೂತಿತು.

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪೂಜಾ ಅದನ್ನು ನೋಡಿ ಮೊದಲು ಕೇಳಿದ್ದು ಒಂದೇ ಮಾತು.

"ಫಾರ್ಮ್ಯಾಟ್ ಒತ್ತಿಲ್ಲ ತಾನೆ ಸಾರ್?"

"ಇಲ್ಲಮ್ಮ."

"ಪುಣ್ಯ. ಡಿಸ್ಕ್ ಕೆಟ್ಟಿಲ್ಲ. ಸರಿಯಾಗಿ ಎಂಟರಲ್ಲಿ ಒಂದು ಪಾಲು ತೋರಿಸ್ತಿದೆ ನೋಡಿ. ನಮ್ಮಜ್ಜಿ ಲೆಕ್ಕದಲ್ಲಿ ಹೇಳ್ತೀನಿ. ನಿಮ್ ಹಳೇ ಡಬ್ಬ ಸೇರಲ್ಲಿ ಅಳೆದು ಇಷ್ಟಿದೆ ಅಂತ ಬರೆದಿಟ್ಟಿದೆ. ಈ ಹೊಸದು ಅದನ್ನೇ ಅರೆಪಾವು ಅಂದ್ಕೊಂಡು ಓದ್ತಿದೆ. ರಾಗಿ ಇದ್ದಷ್ಟೇ ಇದೆ, ಅಳತೆ ಬೇರೆ."

"ಈಗೇನ್ ಮಾಡೋದು?"

"ಸಾಫ್ಟ್‌ವೇರ್ ಹಾಕಿ ಎಳೀಬಹುದು, ಗ್ಯಾರಂಟಿ ಇಲ್ಲ. ಹಳೇ ಡಬ್ಬಕ್ಕೆ ಹಾಕಿದ್ರೆ ಸುಮ್ನೆ ಓಪನ್ ಆಗುತ್ತೆ. ಎಲ್ಲಿದೆ ಅದು?"

"ಕುಣಿಗಲ್ಲಲ್ಲಿ."

"ಇಲ್ಲೇ ಅಲ್ವಾ ಸಾರ್, ಹೋಗಿ ತಂದ್ಬಿಡಿ."

"ತುಂಬಾ ದೂರ ಕಣಮ್ಮ" ಎಂದ ಶಿವಮೂರ್ತಿ.

ಆದರೂ ಮರುದಿನ ಬೆಳಿಗ್ಗೆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ. ತಮ್ಮನ ಅಂಗಡಿಯಲ್ಲಿ ಡಬ್ಬ ದೇವರ ಪಟಗಳ ಪಕ್ಕ ಕೂತಿತ್ತು. ಆಯುಧಪೂಜೆಯ ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಅದರ ಅಡಾಪ್ಟರು ವೈಫೈಗೆ ಕರೆಂಟು ಕೊಡುತ್ತಿತ್ತು. ಮೋಹನ್‌ಕುಮಾರ್ ಅಣ್ಣನನ್ನು ಕಂಡವನೇ ಹೆಂಡತಿಯ ಕಡೆ ತಿರುಗಿದ.

"ಮಾನಸಾ, ಏನ್ ಬೇಕಂತೆ ಕೇಳು."

"ಡಬ್ಬ ಬೇಕಂತೆ ಅಂತ ಹೇಳಮ್ಮ" ಎಂದ ಶಿವಮೂರ್ತಿ.

"ಡಬ್ಬ ನನ್ ಪಾಲು. ಈ ಅಂಗಡಿ ಬುಟ್ಟು ಆಚೆ ಹೋಗಲ್ಲ ಅಂತ ಹೇಳು."

"ಡಿಸ್ಕು ನನ್ ಪಾಲು. ನಾನೂ ಬುಟ್ಟು ಹೋಗಲ್ಲ ಅಂತ ಹೇಳಮ್ಮ."

"ಹಂಗಾದ್ರೆ ಇಬ್ರೂ ಇಲ್ಲೇ ಕೂತು ಹಾಕ್ಕೊಳಿ. ನನ್ ಸಾರು ಸೀದೋಗ್ತದೆ" ಎಂದು ಮಾನಸಾ ಒಳಗೆ ಹೋದಳು.

ಇನ್ನು ನಡುವೆ ಯಾರೂ ಉಳಿಯಲಿಲ್ಲ. ಶಿವಮೂರ್ತಿ ಗೋಡೆಗೆ ಹೇಳುವವನ ಹಾಗೆ ಹೇಳಿದ. "ಗೂಳೂರಲ್ಲಿ ತೆಗೆದ ಅಮ್ಮನ ಫೋಟೋ ಇದ್ರಲ್ಲೈತೆ."

ಮೋಹನ್‌ಕುಮಾರ್ ಎದ್ದು ವೈಫೈಯಿಂದ ಅಡಾಪ್ಟರು ಕಿತ್ತ. "ಸಿಗುತ್ತೇನಣ್ಣ?" ಎಂದ.

ಡಿಸ್ಕು ತನ್ನ ಡಬ್ಬದೊಳಗೆ ಸದ್ದಿಲ್ಲದೆ ಕೂತು ೩.೬೩ ಟಿಬಿ ಎಂದಿತು. ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ಕು ಟಿಬಿಯ ಪೂರ್ತಿ ಅಳತೆ ಅದೇ. ಗೂಳೂರಿನ ಫೋಲ್ಡರಿನಲ್ಲಿ, ಮದುವೆ ಊಟದ ಸಾಲುಗಳು ಮುಗಿದ ಮೇಲೆ, ಆ ಫೋಟೋ ಬಂತು. ಛತ್ರದ ಬಾಗಿಲಲ್ಲಿ ಅಮ್ಮ ನಗುತ್ತಿದ್ದಳು. ಅಕ್ಕಪಕ್ಕದಲ್ಲಿ ಕೇಬಲ್ ಸುತ್ತುತ್ತಾ ಇಬ್ಬರೂ ಮಕ್ಕಳು. ಮೆಟ್ಟಿಲಿಳಿಯಲು ಆಕೆ ಇಬ್ಬರ ಭುಜವನ್ನೂ ಹಿಡಿದುಕೊಂಡಿದ್ದಳು. ಸೆರಗು ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಶಿವಮೂರ್ತಿ ಟವೆಲಿನಿಂದ ಸ್ಕ್ರೀನು ಒರೆಸಿದ. ತಮ್ಮ ಮೂಗು ಒರೆಸಿಕೊಂಡು, ಅಂಗಡಿಯಲ್ಲಿ ಧೂಳು ಜಾಸ್ತಿ ಎಂದ.

ಆದರೆ ಬದುಕಿರುವವರು ಇರುವ ಫೋಟೋಗೆ ಹಾರ ಹಾಕುವಂತಿಲ್ಲ.

"ನಮ್ಮಿಬ್ರುನ್ನೂ ಕ್ರಾಪ್ ಮಾಡ್ಬೇಕಲ್ಲಣ್ಣ."

"ಮಾಡಿದ್ರೆ ಅಮ್ಮನ ಕೈ ಹೋಗ್ತದೆ ಕಣೋ."

ಮಧ್ಯಾಹ್ನದವರೆಗೆ ಕೂತು ಒಂದೊಂದೇ ಗೆರೆ ಸರಿಸಿದರು. ಕೊನೆಗೆ ಇಬ್ಬರ ತಲೆಯೂ ಹೋಗಿ, ಅಮ್ಮನ ಕೈಗಳಿದ್ದಷ್ಟು ಭುಜ ಉಳಿಯಿತು. ಎಡಕ್ಕೆ ಚೌಕಳಿ ಶರ್ಟು, ಬಲಕ್ಕೆ ನೀಲಿ. ಮುದ್ದೆ ಉಂಡು ಹೊರಡುವಾಗ ಡಿಸ್ಕು ಡಬ್ಬದಲ್ಲೇ ಇತ್ತು. ಸ್ಕ್ರೂಡ್ರೈವರ್ ಎಲ್ಲಿ ಎಂದು ಶಿವಮೂರ್ತಿ ಕೇಳಲಿಲ್ಲ.

ತಿಥಿಯ ದಿನ ಅದು ಯಾರ ಫೋಟೋ ಎಂದು ನೆಂಟರು ಯಾರೂ ಕೇಳಲಿಲ್ಲ. ಮಾವ ಮೂಡಲಗಿರಿಯಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಹಾರ ಸರಿಸಿ ಎಡಗಡೆಯ ಭುಜದ ಮೇಲೆ ಬೆರಳಿಟ್ಟು ಅಳೆದರು, ಬಲಗಡೆಯದನ್ನೂ ಅಳೆದರು. ಅಣ್ಣತಮ್ಮಂದಿರು ಉಸಿರು ಹಿಡಿದು ನಿಂತರು.

"ಎರಡ್ ಕಡೀಕೂ ಸಮ ಬಂದೈತೆ" ಎಂದರು ಮಾವ. "ಯಾರೂ ತಕರಾರು ತೆಗೀಬಾರ್ದು."