ಎಲ್ಮಿನಾಕ್ಕೆ ಹೊರಟ ಸೂಟ್‌ಕೇಸು

ತನ್ನ ಅಂಗಿಗಳು ಒಂದೊಂದಾಗಿ ಸೂಟ್‌ಕೇಸಿನಿಂದ ಹಾರಿ ಸೋಫಾದ ಮೇಲೆ ಬೀಳುವುದನ್ನು ಎಬೊ ಎಶುನ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದ. ಎಸೆಯುತ್ತಿದ್ದವರು ಕೆಳಗಿನ ಮನೆಯ ಆಂಟಿ ಅರಬಾ.

"ಅಂಗಿ ಘಾನಾದಲ್ಲೂ ಸಿಗುತ್ತೆ, ಪ್ರೊಫೆಸರೇ," ಎಂದರು. "ಬಿಪಿ ನೋಡೋ ಮಿಷನ್ನು ಸಿಗಲ್ಲ."

"ಸಿಗುತ್ತೆ ಆಂಟಿ. ಅಲ್ಲೂ ಅಂಗಡಿಗಳಿದಾವೆ."

"ನೀನು ಹೋಗಿ ನೋಡಿದೀಯಾ?"

ಎಬೊ ಸೋಫಾದಿಂದ ಜಾರಿದ ಅಂಗಿಯೊಂದನ್ನು ಎತ್ತಿ ಮಡಿಸತೊಡಗಿದ.

ಅಮೆರಿಕದ ಈ ವೂಸ್ಟರ್ ಊರಿನಲ್ಲಿ ಘಾನಾದವನೊಬ್ಬ ಟಿಕೆಟ್ ಕೊಂಡರೆ ಆ ಸುದ್ದಿ ವಿಮಾನದವರಿಗೆ ತಿಳಿಯುವ ಮುಂಚೆ ಬೆಟ್ಟದ ಮೇಲಿನ ಅಷ್ಟೂ ಮನೆಗಳಿಗೆ ತಿಳಿದಿರುತ್ತದೆ. ಹೊರಟವನ ಪೆಟ್ಟಿಗೆ ಆ ಗಳಿಗೆಯಿಂದ ಅವನದಲ್ಲ. ಯಾರದೋ ತಂಗಿಗೆ ವಿಟಮಿನ್ ಮಾತ್ರೆ, ಇನ್ನಾರದೋ ಭಾವನಿಗೆ ಬೂಟು. ಆಂಟಿ ಅರಬಾ ಈ ಸಾಮ್ರಾಜ್ಯದ ಚಕ್ರವರ್ತಿನಿ. ಒಂದು ಜನವರಿಯಲ್ಲಿ ಆಕೆ ಗಂಡನನ್ನು ಗದರಿಸಿದ ಶಬ್ದಕ್ಕೆ ಮೂರು ಬೀದಿಯ ಹಿಮ ಕರಗಿ ಮಕ್ಕಳ ಶಾಲೆಗೆ ನೀರು ನುಗ್ಗಿತ್ತು. ಇಂಥವರೆದುರು ಅಂಗಿಯ ಪರವಾಗಿ ವಾದಿಸಿ ಗೆದ್ದವರಿಲ್ಲ.

ಎಬೊ ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದ. ವಯಸ್ಸು ನಲವತ್ತು ದಾಟಿತ್ತು. ಅಪ್ಪನ ಕಡೆಯ ಫಾಂಟೆ ಜನರ ಕುಟುಂಬಗಳ ಮೇಲೆ ಅವನು ಬರೆದ ಪ್ರಬಂಧದ ಅಡಿಟಿಪ್ಪಣಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಅಷ್ಟನ್ನೂ ಬರೆದದ್ದು ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಸಮುದ್ರದ ಶಬ್ದ ಬೇಕೆನಿಸಿದಾಗ ಅಲ್ಲಿನ ಬಿಸಿನೀರಿನ ಕೊಳವೆಗೆ ಕಿವಿಯಿಟ್ಟರೆ ಸಾಕಾಗುತ್ತಿತ್ತು.

ಈ ಮೊದಲ ಪ್ರಯಾಣದಲ್ಲಿ ಅವನಿಗೆ ಬೇಕಿದ್ದದ್ದು ಒಂದೇ. ಘಾನಾದ ಕಡಲತೀರದ ಊರು ಎಲ್ಮಿನಾದಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ, ಅಪ್ಪನ ಕೋಣೆಯಲ್ಲಿ, ಮಲಗುವುದು. ಅಪ್ಪ ಈ ಊರಿನಲ್ಲಿ ಟ್ಯಾಕ್ಸಿ ಓಡಿಸಿ ಒಂದು ಚಳಿಗಾಲಕ್ಕೆ ಒಂದು ಕಿಟಕಿಯಂತೆ ಆ ಮನೆ ಎಬ್ಬಿಸಿದ್ದರು. ಕೊನೆಯ ಕಿಟಕಿ ಕೂತ ವರ್ಷವೇ ಇಲ್ಲಿ ತೀರಿಕೊಂಡರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಯಾರಾದರೂ ಹೊರಗಿನಿಂದ ಬಾಗಿಲು ತಟ್ಟಿ, ಎದ್ದೆಯಾ, ಎಂದು ಕೇಳಬೇಕು. ಹಾಗೆ ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತು? ಎಬೊ ಲೆಕ್ಕ ಹಾಕಲಿಲ್ಲ. ಅವನ ಫ್ರಿಜ್ಜಿನಲ್ಲಿ ಸಾಸಿವೆ ಬಾಟಲಿಗೆ ಕೂಡ ಜೊತೆಯಿರಲಿಲ್ಲ.

ಫೋನು ಹಾಡಿತು. ಎಲ್ಮಿನಾದಿಂದ ಕ್ವಾಮೆನಾ, ಅಪ್ಪನ ತಂಗಿಯ ಮಗ. ಪರದೆಯ ತುಂಬ ಮಧ್ಯಾಹ್ನದ ಬಿಸಿಲು. ಇತ್ತ ಕಿಟಕಿಯಲ್ಲಿ ಬೂದಿ ಬಣ್ಣದ ಬೆಳಗು. ಎಬೊ ಫೋನು ಹಿಡಿದು ಮಲಗುವ ಕೋಣೆಗೆ ಹೋದ.

"ಎಬೊ ಅಣ್ಣಾ! ಪೆಟ್ಟಿಗೆ ಆಯ್ತಾ?"

"ಆಗ್ತಾ ಇದೆ. ನಿನ್ನ ಹಿಂದೆ ಕಾಣ್ತಿರೋದು ಮನೆಯಾ?"

"ಹೂಂ, ಮನೆ." ಕ್ವಾಮೆನಾ ಫೋನು ಸ್ವಲ್ಪ ಓರೆ ಮಾಡಿದ. ನೀಲಿ ಗೋಡೆ, ಒಂದು ಕಿಟಕಿ. ಯಾವ ಚಳಿಗಾಲದ್ದೋ.

"ಅಪ್ಪನ ಕೋಣೇಲಿ ಮಲಗೋಣ ಅಂತಿದೀನಿ."

"ಆ ಕೋಣೇಲಾ? ಅಲ್ಲಿ ಸಿಮೆಂಟ್ ಮೂಟೆ ಇದಾವಲ್ಲ."

"ಎತ್ತಿಡಿಸೋಕಾಗಲ್ವಾ?"

"ಎತ್ತಿಡಿಸಬಹುದು. ಹಿರಿಯರನ್ನ ಕೇಳಬೇಕು."

"ಯಾವ ಹಿರಿಯರನ್ನ? ಅದು ಅಪ್ಪ ಕಟ್ಟಿಸಿದ ಮನೆ ಕಣೋ."

"ಅಲ್ಲ ಅಂದೋರು ಯಾರು? ಮಾವನೇ ಕಟ್ಟಿಸಿದ್ದು. ದಿನಾ ನೆನೆಸಿಕೊಳ್ತೀವಿ." ಕ್ವಾಮೆನಾ ಹಲ್ಲಿನ ಸಂದಿಯಿಂದ ಏನನ್ನೋ ತೆಗೆದ. "ಬೀಚಿನ ಹತ್ರ ಚೆಂದದ ಹೋಟೆಲ್ ಇದೆ ಅಣ್ಣಾ. ಕರೆಂಟು ಹೋಗಲ್ಲ. ನಮ್ಮನೆ ಅತಿಥಿ ಅಂದ್ರೆ ಮೀನು ಕೂಡ ದೊಡ್ಡದೇ ಕೊಡ್ತಾರೆ."

"ಅತಿಥಿ."

"ತಪ್ಪು ತಿಳೀಬೇಡ. ನಿಮ್ಮಮ್ಮ ಯಾವ ಕುಲ ಹೇಳು?"

"ನಮ್ಮಮ್ಮ ಬಾರ್ಬಡೋಸಿನೋರು. ಅಲ್ಲಿ ಕುಲ ಗಿಲ ಇಲ್ಲ."

"ಅದೇ ಮತ್ತೆ," ಎಂದ ಕ್ವಾಮೆನಾ, ಬಹಳ ಮೃದುವಾಗಿ. ನಂತರ, "ನನಗೆ ತರೋ ಬೂಟು ಕಪ್ಪೇ ತಾನೆ?"

ಪರದೆ ಆರಿತು.

ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಎಬೊ ತರಗತಿಯ ಹಲಗೆಯ ಮೇಲೆ ಒಂದು ಚಿತ್ರ ಬರೆಯುತ್ತಿದ್ದ. ಫಾಂಟೆ ಜನರದು ಅಳಿಯಸಂತಾನ. ಗಂಡಸಿನ ಆಸ್ತಿಪಾಸ್ತಿ ಸೋದರಳಿಯನಿಗೆ. ಮೇಲೆ ಮಾವ, ಕೆಳಗೆ ಓರೆಯಲ್ಲಿ ಅಳಿಯ, ನಡುವೆ ಬಾಣದ ಗುರುತು. ಅವನ ಬಾಣಗಳು ಎಷ್ಟು ನೇರವೆಂದರೆ ಗಣಿತದ ಮೇಷ್ಟ್ರು ಕದ್ದು ನೋಡಿಕೊಂಡು ಹೋಗುತ್ತಿದ್ದರು. "ಹಾಗಾದ್ರೆ ಮಗನಿಗೆ, ಸರ್?" ಎಂದು ಒಬ್ಬಳು ಹುಡುಗಿ ಒಮ್ಮೆ ಕೇಳಿದ್ದಳು. "ಮಗನಿಗೆ ಅವನ ತಾಯಿಯ ಕುಲವಿರುತ್ತದೆ," ಎಂದು ಸೀಮೆಸುಣ್ಣದ ಪುಡಿ ಕೊಡವಿಕೊಂಡಿದ್ದ. ತರಗತಿ ನಕ್ಕಿರಲಿಲ್ಲ, ಅತ್ತಿರಲಿಲ್ಲ, ಬರೆದುಕೊಂಡಿತ್ತು.

ಇಷ್ಟು ವರ್ಷ ಸೀಮೆಸುಣ್ಣ ಹಿಡಿದವನಿಗೆ ತಾನೂ ಆ ಚಿತ್ರದಲ್ಲಿದ್ದೇನೆ, ಬಾಣ ತನ್ನ ಪಕ್ಕದಿಂದಲೇ ಹಾದುಹೋಗುತ್ತಿದೆ ಎಂದು ಹೊಳೆದಿರಲಿಲ್ಲ. ಲೋಕದಲ್ಲಿ ದಡ್ಡರಿಗೆ ಬರವಿಲ್ಲ. ಆದರೆ ಸ್ವಂತ ದಡ್ಡತನವನ್ನೇ ಪಾಠ ಮಾಡಿ ಸಂಬಳ ತೆಗೆದುಕೊಂಡವನು ಎಬೊ ಒಬ್ಬನೇ.

ಹೊರಗೆ ಬಂದ. ಆಂಟಿ ಅರಬಾ ಸೂಟ್‌ಕೇಸಿನ ಮೇಲೆ ಕುಳಿತು ಅದರ ಜಿಪ್ಪಿನ ಜೊತೆ ಕುಸ್ತಿ ಮಾಡುತ್ತಿದ್ದರು.

"ಆಂಟಿ, ನಾನು ಹೋಗಲ್ಲ ಅನ್ಸುತ್ತೆ."

"ಆ ತುದಿ ಹಿಡಿ."

"ಟಿಕೆಟ್ ವಾಪಸ್ ಮಾಡ್ತೀನಿ."

"ಹುಚ್ಚಾ! ನಮ್ಮ ತಂಗಿ ಏರ್‌ಪೋರ್ಟಿಗೆ ಬರೋದಕ್ಕೇ ಹೊಸ ಉಡುಪು ಹೊಲಿಸಿದಾಳೆ. ಟೇಪ್‌ರೆಕಾರ್ಡರಿನ ತರ ಇಂಗ್ಲಿಷ್ ಮಾತಾಡೋ ನಿನ್ನಂಥೋನು ಬರ್ತಾನೆ ಅಂತ ಬೀದಿಗೆಲ್ಲ ಹೇಳಿದಾಳೆ."

ಎಬೊ ಬಗ್ಗಿ ತುದಿ ಹಿಡಿದ. "ನನ್ನನ್ನ ನೋಡೋಕೆ ಬರ್ತಿದಾರಾ?"

"ನಿನ್ನ ಮುಖ ಅವಳಿಗೇನು ಗೊತ್ತು? ಪೆಟ್ಟಿಗೆಗೆ ಕೆಂಪು ಬಟ್ಟೆ ಕಟ್ತೀನಿ. ಅದನ್ನ ನೋಡಿ ಬರ್ತಾಳೆ." ಆಂಟಿ ಎದ್ದು ನಿಂತರು, ನೆಲ ನಿಟ್ಟುಸಿರು ಬಿಟ್ಟಿತು. ಅವನ ಮುಖವನ್ನು ಒಮ್ಮೆ ದಿಟ್ಟಿಸಿದರು. "ತಿಂಡಿ ಮಾಡಿದ್ಯಾ?"

"ಮಾಡ್ದೆ," ಎಂದ. ಮಾಡಿರಲಿಲ್ಲ.

"ಒಳ್ಳೇದು. ಸಂಜೆ ಚರ್ಚಿನೋರು ಪ್ರಾರ್ಥನೆಗೆ ಬರ್ತಾರೆ. ಕುರ್ಚಿ ಸರಿಸಿಡು."

ಸಂಜೆ ಚರ್ಚಿನ ಹೆಂಗಸರು ಬಂದರು. ಒಬ್ಬೊಬ್ಬರ ತಲೆಯ ಮೇಲಿನ ವಸ್ತ್ರ ಒಂದೊಂದು ಗೋಪುರ. ಬಾಗಿಲಲ್ಲಿ ಬಗ್ಗಿ ಬಂದರೂ ದೀಪಕ್ಕೆ ತಾಗಿ ಕೋಣೆಯಲ್ಲಿ ನೆರಳುಗಳು ತೂಗಾಡಿದವು. ಸೂಟ್‌ಕೇಸನ್ನು ನಡುವೆ ನಿಲ್ಲಿಸಿದರು. ಎಬೊ ನೀರು ತರಲು ಒಳಗೆ ಹೋದ. ಟ್ರೇ ಹಿಡಿದು ಬರುವಷ್ಟರಲ್ಲಿ ಅವರು ಕೈ ಕೈ ಹಿಡಿದು ಸುತ್ತುಗಟ್ಟಿದ್ದರು. ಎಲ್ಲೂ ಸಂದಿಯಿರಲಿಲ್ಲ. ಟ್ರೇ ಹಿಡಿದವನಿಗೆ ಹೇಗೂ ಕೈ ಖಾಲಿಯಿರಲಿಲ್ಲ.

ಆಂಟಿ ಅರಬಾ ಕಣ್ಣು ಮುಚ್ಚಿ ಶುರುಮಾಡಿದರು. ದೇವರು ಕಿವುಡನಾಗಿದ್ದರೂ ಅವತ್ತು ಕೇಳಿಸಿಕೊಂಡಿರುತ್ತಾನೆ. "ತಂದೇ, ನಮ್ಮ ತಂಗಿ ಎಫುವಾಳ ಮೊಣಕಾಲಿನ ಮುಲಾಮು ಸೋರದ ಹಾಗೆ ನೋಡ್ಕೋ. ಕ್ವಾಮೆನಾನ ಬೂಟು ಅವನ ಕಾಲಿಗೇ ಮುಟ್ಟಲಿ. ಸುಂಕದೋರ ಕಣ್ಣಿಗೆ ಮಂಜು ಕವಿಸು. ವಿಮಾನದ ರೆಕ್ಕೆ ಕಾಯಿ, ಚಕ್ರ ಕಾಯಿ. ಪೈಲಟ್ಟು ಹೆಂಡತಿ ಜೊತೆ ಜಗಳ ಆಡದೆ ಮನೆಯಿಂದ ಹೊರಡಲಿ."

ಎಬೊ ತನ್ನ ಹೆಸರಿಗಾಗಿ ಕಾದ. ಬಿಪಿ ಮಿಷನ್ನು ಬಂತು, ಮಾತ್ರೆ ಬಂತು, ಮಗುವಿನ ಹಾಲಿನ ಪುಡಿ ಬಂತು.

"ಆಮೆನ್," ಎಂದರು ಎಲ್ಲರೂ.

"ಆಮೆನ್," ಎಂದ ಎಬೊ, ಎಲ್ಲರಿಗಿಂತ ಜೋರಾಗಿ.

ಹೋಗುವಾಗ ಪ್ರತಿಯೊಬ್ಬಳೂ ಬಗ್ಗಿ ಸೂಟ್‌ಕೇಸಿನ ಹಿಡಿಯನ್ನು ಮುಟ್ಟಿದಳು. "ಸುಖವಾಗಿ ಹೋಗು," ಎಂದು ಒಬ್ಬ ಮುದುಕಿ ಅದರ ಬೆನ್ನು ಸವರಿದಳು. ಮೆಟ್ಟಿಲುಗಳ ಮೇಲೆ ನಗು ಇಳಿಯುತ್ತಾ ಹೋಯಿತು, ಕೆಳಗಿನ ಬಾಗಿಲು ಹಾಕಿಕೊಂಡಿತು.

ನೀರು ಯಾರೂ ಕುಡಿದಿರಲಿಲ್ಲ.

ಆ ಹಳೆಯ ಮರದ ಮನೆಯ ನೆಲ ಬಾಗಿಲಿನ ಕಡೆಗೆ ತುಸು ಇಳಿಜಾರು. ಮುದುಕಿಯ ಕೈ ತಾಗಿದ್ದಕ್ಕೋ ಏನೋ, ಸೂಟ್‌ಕೇಸು ತಾನಾಗಿಯೇ ಚಕ್ರಗಳ ಮೇಲೆ ಮೆಲ್ಲಗೆ ಉರುಳತೊಡಗಿತು. ಕುರ್ಚಿಗಳ ನಡುವೆ ಯಾವುದನ್ನೂ ತಾಕದೆ ದಾರಿ ಮಾಡಿಕೊಂಡು ಹೋಗಿ, ಮುಚ್ಚಿದ ಬಾಗಿಲನ್ನು, ಯಾರನ್ನೋ ಎಬ್ಬಿಸಲು ಬಂದಂತೆ, ಒಳಗಿನಿಂದ ತಟ್ಟಿತು. ಹಿಂದಕ್ಕೆ ಸರಿದು ಮತ್ತೊಮ್ಮೆ ತಟ್ಟಿತು.

ಟ್ರೇ ಹಿಡಿದೇ ನಿಂತಿದ್ದ ಎಬೊ, "ಯಾರು?" ಎಂದ.