ಹಿಂದೆ ಉಳಿದ ಮಾದಪ್ಪ

ತಾಳವಾಡಿಯ ಸೈಕಲ್ ಸಂಘದಲ್ಲಿ ಹದಿಮೂರು ಜನ. ಭಾನುವಾರ ಬೆಳಗ್ಗೆ ಆರಕ್ಕೆ ಬಸ್ ನಿಲ್ದಾಣದಿಂದ ಹೊರಟು, ಏರುತಗ್ಗಿನ ಓಣಿಗಳಲ್ಲಿ ಸುತ್ತಿ, ಎಲ್ಲಾದರೂ ಇಡ್ಲಿ ತಿಂದು ಮರಳುವುದು ರೂಢಿ. ಸಂಘಕ್ಕೆ ಇದ್ದದ್ದು ಒಂದೇ ಕಟ್ಟಳೆ: ಯಾರನ್ನೂ ಹಿಂದೆ ಬಿಟ್ಟು ಹೋಗುವಂತಿಲ್ಲ. ಅದನ್ನು ನಾಲ್ಕು ವರ್ಷದಿಂದ ಕಾಯ್ದವನು ದೊಡ್ಡಗಾಜನೂರಿನ ಮಾದಪ್ಪ. ನಲವತ್ತಾರರ ಗಟ್ಟಿ ಆಳು. ಎಲ್ಲರಿಗಿಂತ ಮುಂದೆ ಹೋಗಬಲ್ಲವನಾದರೂ ಕಟ್ಟಕಡೆಯಲ್ಲೇ ತುಳಿಯುತ್ತಿದ್ದ. ಯಾರಿಗಾದರೂ ಏರಿನಲ್ಲಿ ಉಸಿರು ಕಟ್ಟಿದರೆ ಮಾದಪ್ಪ ಪಕ್ಕದಲ್ಲಿರುತ್ತಿದ್ದ.

ಅವನ ಜತೆಗೆ ವೃಷಭೇಂದ್ರ. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆ ಗೆಳೆತನವನ್ನು ನೆಚ್ಚಿ ಮಾದಪ್ಪ ಮನೆಯಲ್ಲಿ ಹಟ ಹಿಡಿದು ತಂಗಿ ಮಂಗಳಗೌರಿಯನ್ನು ಅವನಿಗೇ ಕೊಡಿಸಿದ್ದ.

ಆ ಭಾನುವಾರ ತಿಗನಾರೆ ದಾಟಿ ಕಾಡಂಚಿನ ಓಣಿ ಏರುವಾಗ ಮಾದಪ್ಪನ ಚೈನು ತುಂಡಾಯಿತು. ಅದನ್ನು ಕೂಡಿಸುವ ಸಾಮಾನು ಮುಂದೆ ಹೋದ ದಯಾನಂದನ ಚೀಲದಲ್ಲಿತ್ತು. ಫೋನಿಗೆ ಸಿಗ್ನಲ್ ಇಲ್ಲ.

"ಇಲ್ಲೇ ಇರ್ಲಾ, ಅತ್ ನಿಮಿಷಕ್ಕೆ ಸಾಮಾನು ಇಸ್ಕಂಡು ಬಂದ್ಬುಡ್ತೀನಿ," ಎಂದು ವೃಷಭೇಂದ್ರ ಹೊರಟ.

ಅವನು ನೂರು ಮಾರು ಹೋಗಿರಬೇಕು, ಜೋಳದ ಹೊಲದಲ್ಲಿ ದಂಟು ಮುರಿಯುವ ಸದ್ದಾಯಿತು. ಒಂಟಿ ಸಲಗ. ಬೆಳಕು ಹರಿದರೂ ಕಾಡಿಗೆ ಮರಳದೆ ಓಣಿಗಿಳಿದು ಇಬ್ಬರ ನಡುವೆ ನಿಂತಿತು. ಮಾದಪ್ಪ ಸೈಕಲ್ಲನ್ನು ಅಲ್ಲೇ ಕೆಡವಿ, ಬೆಳೆ ಕಾಯಲೆಂದು ಮರದ ಮೇಲೆ ಕಟ್ಟಿದ್ದ ಅಟ್ಟಣೆ ಹತ್ತಿದ. ಮೇಲಿಂದ ನೋಡಿದರೆ ವೃಷಭೇಂದ್ರ ತಿರುವಿನಲ್ಲಿ ಕಾಲೂರಿ ನಿಂತಿದ್ದ. ಆನೆಯನ್ನು ನೋಡಿದ. ತಲೆಯೆತ್ತಿ ಅಟ್ಟಣೆಯನ್ನೂ ನೋಡಿದ. ಮಾದಪ್ಪ ಕೊರಳಿನ ಟವಲ್ ಬಿಚ್ಚಿ ಬೀಸಿದ. ವೃಷಭೇಂದ್ರ ಬಗ್ಗಿ ಜೋರಾಗಿ ತುಳಿದು ಮರೆಯಾದ.

ಸದ್ಯ, ಜನ ಕರೆತರುತ್ತಾನೆ ಎಂದುಕೊಂಡ ಮಾದಪ್ಪ.

ಆನೆ ಕೆಳಗೇ ಬಂತು. ಸೈಕಲ್ಲನ್ನು ಸೊಂಡಿಲಿನಿಂದ ತಡವಿ, ಮುಂದಿನ ಚಕ್ರದ ಮೇಲೆ ಕಾಲಿಟ್ಟಿತು. ಮಾದಪ್ಪ ಉಸಿರು ಬಿಗಿಹಿಡಿದು ಕೂತ. ಗಾಳಿಗೆ ಜೋಳದ ಗರಿ ಸರಿದಾಗಲೆಲ್ಲ ಜನ ಬಂದರೆಂದೇ ಕತ್ತೆತ್ತುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಆನೆ ತಾನಾಗಿ ಕಾಡು ಸೇರಿತು. ಯಾರೂ ಬರಲಿಲ್ಲ.

ಸೊಟ್ಟಗಾದ ಸೈಕಲ್ಲನ್ನು ಹೆಗಲಿಗೇರಿಸಿ ಪಣಕಹಳ್ಳಿಯ ಕಡೆ ನಡೆದ. ವೃಷಭೇಂದ್ರನಿಗೇ ಏನೋ ಆಗಿರಬೇಕು, ಗಾಬರಿಯಲ್ಲಿ ಎಲ್ಲೋ ಬಿದ್ದಿರಬೇಕು ಅನ್ನಿಸಿ, ದಾರಿಯುದ್ದಕ್ಕೂ ಹಳ್ಳದಲ್ಲಿ, ಪೊದೆಯಲ್ಲಿ ಹುಡುಕುತ್ತ, ಹೆಸರು ಹಿಡಿದು ಕೂಗುತ್ತ ಹೋದ.

ಪಣಕಹಳ್ಳಿಯ ಟೀ ಅಂಗಡಿಯ ಮುಂದೆ ಹನ್ನೆರಡು ಸೈಕಲ್ಲು ಸಾಲಾಗಿ ಒರಗಿದ್ದವು. ಒಳಗೆ ನಗು. ವೃಷಭೇಂದ್ರನ ಕೈಯಲ್ಲಿ ಇಡ್ಲಿಯ ತಟ್ಟೆ.

ಸಂಘಕ್ಕೆ ಹೊಸದಾಗಿ ಸೇರಿದ್ದ ಶ್ವೇತ ಎದ್ದು ವೃಷಭೇಂದ್ರನ ಕಡೆ ಕೈ ತೋರಿಸಿದಳು. "ಅಣ್ಣ, ನೀವು ಮಂಡಿನೋವು ಅಂತ ಮನೆಗೋದ್ರಿ ಅಂದ್ರಲ್ಲ ಇವ್ರು?"

ದಯಾನಂದ ಚಕ್ರ ನೋಡಿದ. "ಆನೆಯಾ?"

"ಊಂ."

ವೃಷಭೇಂದ್ರ ತಟ್ಟೆ ಕೆಳಗಿಟ್ಟ. "ಎದ್ರಿಕೆ ಆಗೋಯ್ತು ಕಣ್ಲಾ."

"ಎದ್ರುಕೊಂಡದ್ದು ತಪ್ಪಲ್ಲ ಕಣ. ನಾನೂ ಎದ್ರಿ ಅಟ್ಟಣೆ ಅತ್ತಿ ಕೂತಿದ್ದೆ," ಎಂದ ಮಾದಪ್ಪ. "ಇಂಗಿಂಗಾಯ್ತು ಅಂತ ಇವ್ರ್ಗೆ ಒಂದು ಮಾತು ಏಳಿದ್ರೆ ಸಾಕಾಗಿತ್ತು. ನಾನು ಮನೆಗೋದೆ ಅಂದ್ಯಲ್ಲ, ಅದ್ಯಾಕ್ಲಾ?"

"ಏಳಿದ್ರೆ ದಾರಿ ತೋರ್ಸು ನಡಿ ಅಂತ ನನ್ನೇ ಮುಂದೆ ಕರ್ಕೊಂಡೋಗೋರು."

ಮಾದಪ್ಪ ಶ್ವೇತ ಕೊಟ್ಟ ನೀರು ಕುಡಿದು, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಮನೆಗೆ ಬಂದ.

ಸಂಜೆ ತಂಗಿಯ ಫೋನು. "ಆನೆ ಬಂದಿತ್ತಂತಲ್ಲ ಅಣ್ಣಯ್ಯ. ಇವ್ರು ನಿನ್ನ ಬುಟ್ಟು ಅಲ್ಲಾಡ್ನಿಲ್ವಂತೆ. ಕೇಳಿ ನಂಗೆ ಎದೆ ತುಂಬೋಯ್ತು."

ಮಾದಪ್ಪನಿಗೆ ನಿಜ ಬಾಯಿತನಕ ಬಂದಿತ್ತು. ಆದರೆ ಅವಳ ದನಿಯಲ್ಲಿ ಅಂಥ ಹೆಮ್ಮೆಯನ್ನು ಅವನು ಕೇಳಿ ವರ್ಷಗಳಾಗಿದ್ದವು.

"ಊಂ ಕಣವ್ವ," ಎಂದ.

ಬುಧವಾರ ಅವಳು ಊಟಕ್ಕೆ ಕರೆದಳು. ಹೋಗದಿದ್ದರೆ ಕಾರಣ ಕೇಳುತ್ತಾಳೆಂದು ಹೋದ. ಸಾರು ಬಡಿಸುತ್ತ ಅವಳು ಗಂಡನಿಗೆ, "ಆನೆ ಬಂದದ್ದ ಇನ್ನೊಂದ್ಸಲ ಏಳಿ, ಅಣ್ಣಯ್ಯನ ಮುಂದೆ," ಎಂದಳು.

ವೃಷಭೇಂದ್ರ ಮಾದಪ್ಪನ ಮುಖ ನೋಡಲಿಲ್ಲ. ಆದರೂ ಹೇಳಲು ಶುರುಮಾಡಿದ. ಮಾದಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ.